ಪಾತ್ರವೂ ಪಾತ್ರಧಾರಿಯೂ

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ 'ಡಾಕ್ಟರ್ ಹೂ' ಎಂಬ ದೂರದರ್ಶನ ಧಾರಾವಾಹಿಯು 1963ನೆಯ ಇಸವಿಯ ನವೆಂಬರ್ 23ರಂದು ಆರಂಭವಾಯಿತು. ಕಾಲದೇಶಗಳನ್ನು ಮೀರಿ ಸಂಚರಿಸುವ ಅದರ ನಾಯಕನ ಪಾತ್ರವನ್ನು ಮೊದಲು ವಹಿಸಿದವರು ವಿಲಿಯಂ ಹಾರ್ಟ್ನೆಲ್ಲರು. 1966ರಲ್ಲಿ ಅವರ ದೇಹಸ್ಥಿತಿಯು ಕ್ಷೀಣಿಸಲು, ನಾಯಕನು ಮರಣಕ್ಕೆ ಬದಲಾಗಿ ಹೊಸ ಶರೀರವನ್ನು ಪಡೆಯುವನೆಂದು ಕಲ್ಪಿಸಿ, ಪ್ಯಾಟ್ರಿಕ್ ಟ್ರೌಟನ್ನರನ್ನು ಆ ಸ್ಥಾನಕ್ಕೆ ತಂದರು. ಅಂದಿನಿಂದ ಪಾತ್ರಧಾರಿಯ ಬದಲಾವಣೆಯೇ ಆ ಕಥೆಯ ಜೀವಾಳವಾಯಿತು.

ಹೀಗಿರಲು, 2017ರ ಜುಲೈಯಲ್ಲಿ ಜೋಡಿ ವಿಟ್ಟೇಕರ್ ಎಂಬ ನಟಿಯನ್ನು ಈ ಪಾತ್ರಕ್ಕೆ ಆರಿಸಿದರೆಂಬ ವಾರ್ತೆ ಬಂದೊಡನೆ ಪ್ರೇಕ್ಷಕರಲ್ಲಿ ಎರಡು ಪಕ್ಷಗಳಾದುವು. ಅನೇಕರು ಹರ್ಷಿಸಿದರು; ಕೆಲವರು ಕೆರಳಿದರು. ಹಿಂದೆ ಅದೇ ಪಾತ್ರವನ್ನು ವಹಿಸಿದ್ದ ಪೀಟರ್ ಡೇವಿಸನ್ನರು, ಬಾಲಕರಿಗೊಂದು ಆದರ್ಶವು ತಪ್ಪಿತೆಂದು ವಿಷಾದಿಸಿದರು. ಅವರ ಉತ್ತರಾಧಿಕಾರಿ ಕಾಲಿನ್ ಬೇಕರರು ಅದನ್ನು ಒಪ್ಪಲಿಲ್ಲ. ಇದು ಸಭ್ಯವಾದ ಭಿನ್ನಾಭಿಪ್ರಾಯ. ಆದರೆ ಒಂದು ದೃಶ್ಯವನ್ನಾದರೂ ನೋಡುವ ಮೊದಲೇ ನಟಿಯನ್ನು ಹೀಯಾಳಿಸಿದವರಿಗೆ ಏನೆನ್ನೋಣ? ನಾಯಕನಿಗೆ ಎರಡು ಹೃದಯಗಳುಂಟೆಂಬುದನ್ನು ನಂಬಿದವರಿಗೆ ಸ್ತ್ರೀಶರೀರವೊಂದೇ ಅಸಂಭವವಾಗಿ ಕಂಡಿತೆ?

ಪ್ರೇಕ್ಷಕರ ಮಮತೆಯನ್ನು ನಾವು ಹಗುರಾಗಿ ಎಣಿಸುವವರಲ್ಲ. 1989ರಲ್ಲಿ ನಿಂತ ಧಾರಾವಾಹಿಯು 2005ರಲ್ಲಿ ಪುನಃ ತಲೆಯೆತ್ತುವವರೆಗೆ ಅದರ ನೆನಪನ್ನು ಕಾಪಾಡಿದ್ದು ಆ ಮಮತೆಯೇ. ಪ್ರಿಯರಾದ ನಟರು ಅಗಲಿದಾಗ ವ್ಯಥೆಪಡುವುದು ಸಹಜ. ಅಭಿನಯವು ಸೊರಗಿದರೆ, ಕಥೆಯು ಸಪ್ಪೆಯಾದರೆ, ಖಂಡಿಸುವುದು ಅವರ ಹಕ್ಕು. ಆದರೆ ಸಾಕ್ಷ್ಯವನ್ನು ಕೇಳದೆ ತೀರ್ಪನ್ನು ಬರೆಯುವ ಅಧಿಕಾರವು ಯಾವ ನ್ಯಾಯಾಧೀಶನಿಗೂ ಇಲ್ಲ. ಪ್ರೇಕ್ಷಕನಿಗೆ ಮಾತ್ರ ಎಲ್ಲಿಂದ ಬಂದೀತು? ಮೊದಲು ನೋಡಲಿ, ಆಮೇಲೆ ನುಡಿಯಲಿ ಎಂಬುದೇ ನಮ್ಮ ಅಭಿಮತ.