ಭೂಗೋಳದ ಪದವಿ: ಅದರ ಬೆಲೆ ಮತ್ತು ನೆಲೆ

ಹನ್ನೆರಡನೆಯ ಇಯತ್ತೆಯ ಫಲಿತಾಂಶಗಳು ಪ್ರಕಟವಾದೊಡನೆ ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದಿಲ್ಲಿಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ವರ್ಷವರ್ಷವೂ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಮೊದಲು ಇಂಜಿನಿಯರಿಂಗು, ಅದು ದೊರೆಯದಿದ್ದರೆ ವಾಣಿಜ್ಯ, ಅದೂ ಆಗದಿದ್ದರೆ ಕಲಾ ವಿಭಾಗ. ಕಲಾ ವಿಭಾಗದಲ್ಲಿಯೂ ಅರ್ಥಶಾಸ್ತ್ರ, ಮನಶ್ಶಾಸ್ತ್ರಗಳ ಸ್ಥಾನಗಳು ತುಂಬಿಹೋದ ಬಳಿಕ ಭೂಗೋಳ. ಹೀಗೆ ಭೂಗೋಳಶಾಸ್ತ್ರವು ಬಹುಮಂದಿ ವಿದ್ಯಾರ್ಥಿಗಳಿಗೆ ಒಲಿದು ಆರಿಸಿಕೊಂಡ ವಿಷಯವಾಗಿರದೆ ಪಾಲಿಗೆ ಬಂದ ವಿಷಯವಾಗಿದೆ. ನದಿ ಪರ್ವತಗಳ ಹೆಸರುಗಳನ್ನು ಬಾಯಿಪಾಠ ಮಾಡುವ ವಿದ್ಯೆಗೆ ಮೂರು ವರ್ಷ ಏಕೆ ಬೇಕೆಂದು ತಂದೆ ಕೇಳಿದರೆ ಸಮರ್ಪಕವಾಗಿ ಉತ್ತರಿಸಬಲ್ಲ ಮಕ್ಕಳು ವಿರಳ. ಉತ್ತರವನ್ನು ಕಲಿಸಿಕೊಟ್ಟ ಕಾಲೇಜುಗಳೂ ವಿರಳ.

ಈ ಉದಾಸೀನವನ್ನು ಮನೆಯ ಮಾತೆಂದು ಬಿಟ್ಟುಬಿಡುವ ಕಾಲ ಕಳೆದುಹೋಗಿದೆ. ನಾವು ವಾಸಿಸುವ ದೊಡ್ಡ ನಗರಗಳೆಲ್ಲವೂ ಒಂದಾದ ಮೇಲೊಂದರಂತೆ ನೀರಿನಲ್ಲಿ ಮುಳುಗಿ ಎದ್ದಿವೆ. ನಮ್ಮ ಹುಟ್ಟೂರುಗಳ ಗುಡ್ಡಗಳು ರಸ್ತೆಗಳ ಮೇಲೆ ಕುಸಿದಿವೆ. ಇತ್ತ ಕೇಂದ್ರ ಸರಕಾರವು ದೀರ್ಘಕಾಲ ಬಿಗಿಯಾಗಿ ಮುಚ್ಚಿಟ್ಟಿದ್ದ ನಕ್ಷೆಗಳ ಬಾಗಿಲನ್ನು 2021ರಲ್ಲಿ ತೆರೆದಿದೆ. ನೆಲವನ್ನು ಓದಬಲ್ಲವರು ನಾಡಿಗೆ ಬೇಕಾಗಿದ್ದಾರೆ. ಆದರೆ ನಾವು ಕೊಡುತ್ತಿರುವ ಪದವಿಯು ಅಂಥವರನ್ನು ಸಾಕಷ್ಟು ತಯಾರಿಸುತ್ತಿಲ್ಲ; ತಯಾರಾದವರಿಗೆ ತಕ್ಕ ಸ್ಥಾನವನ್ನೂ ನಾವು ಇಟ್ಟಿಲ್ಲ. ಈ ಎರಡು ಲೋಪಗಳನ್ನು ಜೊತೆಜೊತೆಯಾಗಿಯೇ ತಿದ್ದಬೇಕೆಂಬುದು ಈ ಲೇಖನದ ಅಭಿಪ್ರಾಯ.

ಒಂದೇ ಹಾಳೆಯ ಮೇಲೆ

ಭೂಗೋಳಶಾಸ್ತ್ರವೆಂದರೇನೆಂಬುದನ್ನು ವ್ಯಾಖ್ಯೆಗಿಂತ ಉದಾಹರಣೆಯಿಂದ ತಿಳಿಯುವುದು ಸುಲಭ. 2005ರ ಜುಲೈ 26ರಂದು ಆರಂಭವಾದ ಮಳೆಯನ್ನು ಮುಂಬಯಿಯ ಕನ್ನಡಿಗರು ಮರೆತಿಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದುದು ಸುಮಾರು 74 ಮಿಲಿಮೀಟರು ಮಾತ್ರ. ಒಂದೇ ನಗರದ ಎರಡು ಕೊನೆಗಳಲ್ಲಿ ಇಷ್ಟು ಅಂತರ! ವಿಹಾರ ಮತ್ತು ಪವಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ ಮಾಹೀಮಿನ ಬಳಿ ಸಮುದ್ರವನ್ನು ಸೇರುವ ಮೀಠಿ ನದಿಯು ಅಂದು ಉಕ್ಕಿ ಹರಿಯಿತು. ಅದರ ಪಾತ್ರವನ್ನು ವಿಮಾನ ನಿಲ್ದಾಣಕ್ಕಾಗಿ ತಿರುಗಿಸಲಾಗಿತ್ತು. ಅದರ ಜವುಗು ನೆಲದ ಮೇಲೆ ಬಾಂದ್ರಾ-ಕುರ್ಲಾದ ವಾಣಿಜ್ಯ ಕಟ್ಟಡಗಳು ಎದ್ದಿದ್ದವು. ದಡಗಳಲ್ಲಿ ಬಡವರ ಜೋಪಡಿಗಳಿದ್ದವು. ಸಮುದ್ರದ ಭರತವೂ ಅದೇ ಹೊತ್ತಿಗೆ ಬಂದು ನೀರಿನ ದಾರಿಗೆ ಅಡ್ಡವಾಯಿತು.

ಈ ದುರಂತದಲ್ಲಿ ಮಳೆಯ ಮಾತು ಹವಾಮಾನ ಶಾಸ್ತ್ರಜ್ಞನದು, ಮೋರಿಯ ಮಾತು ಇಂಜಿನಿಯರನದು, ಜೋಪಡಿಯ ಮಾತು ಸಮಾಜಶಾಸ್ತ್ರಜ್ಞನದು, ವಾಣಿಜ್ಯ ಕಟ್ಟಡದ ಮಾತು ಅರ್ಥಶಾಸ್ತ್ರಜ್ಞನದು. ಇವೆಲ್ಲವೂ ಒಂದೇ ಜಾಗದಲ್ಲಿ, ಒಂದೇ ದಿನ, ಒಂದರೊಡನೊಂದು ಹೆಣೆದುಕೊಂಡುದು ಹೇಗೆಂಬುದನ್ನು ಒಂದೇ ಹಾಳೆಯ ಮೇಲೆ ಬರೆದು ತೋರಿಸುವುದು ಭೂಗೋಳಜ್ಞನ ಕೆಲಸ. 2015ರ ಡಿಸೆಂಬರಿನಲ್ಲಿ ಚೆನ್ನೈಯ ಅಡಯಾರು ಉಕ್ಕಿದಾಗಲೂ, 2023ರ ಜುಲೈ 13ರಂದು ದಿಲ್ಲಿಯ ಹಳೆಯ ರೈಲು ಸೇತುವೆಯ ಬಳಿ ಯಮುನೆಯು 208.66 ಮೀಟರಿಗೆ ಏರಿ 1978ರ ದಾಖಲೆಯನ್ನು ಮುರಿದಾಗಲೂ ಬೇಕಾಗಿದ್ದುದು ಇಂಥದೇ ಸಮಗ್ರ ದೃಷ್ಟಿ.

ಈ ದೃಷ್ಟಿ ನಮ್ಮವರಿಗೆ ಹೊಸದೇನಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರವು ಹೈದರಾಬಾದನ್ನು ಧ್ವಂಸಗೊಳಿಸಿದಾಗ ನಿಜಾಮ ಸರಕಾರವು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನಗರದೊಳಗಿನ ನದಿಯ ದಡಗಳನ್ನು ಎತ್ತರಿಸಿ ಅವರು ಸುಮ್ಮನಾಗಲಿಲ್ಲ. ನಗರದ ಮೇಲ್ಭಾಗದ ಜಲಾನಯನ ಪ್ರದೇಶವನ್ನೂ ಅಲ್ಲಿಯ ಕೆರೆಗಳನ್ನೂ ಪರಿಶೀಲಿಸಿ, ಪ್ರವಾಹವನ್ನು ಊರಿಗೆ ಬರುವ ಮೊದಲೇ ತಡೆದು ನಿಲ್ಲಿಸಬೇಕೆಂದು ಸಲಹೆ ಕೊಟ್ಟರು. ಉಸ್ಮಾನ ಸಾಗರ, ಹಿಮಾಯತ ಸಾಗರಗಳು ಅದರ ಫಲ. 2020ರ ಅಕ್ಟೋಬರಿನಲ್ಲಿ ಅದೇ ನಗರದ ಬಡಾವಣೆಗಳು ಮತ್ತೆ ಜಲಾವೃತವಾದಾಗ, ಕೆರೆಗಳನ್ನೂ ಅವುಗಳನ್ನು ಜೋಡಿಸುವ ಕಾಲುವೆಗಳನ್ನೂ ಒತ್ತುವರಿ ಮಾಡಿದುದರ ವಿಚಾರ ಎಲ್ಲರ ಬಾಯಲ್ಲಿಯೂ ಬಂದಿತು.

ವಿಶ್ವೇಶ್ವರಯ್ಯನವರು ಇಂಜಿನಿಯರರಾಗಿದ್ದರು, ಭೂಗೋಳದ ಪದವೀಧರರಲ್ಲ. ಹಾಗಾದರೆ ಇಂಜಿನಿಯರರೇ ಸಾಲದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಆದರೆ ಅಂದಿನಿಂದ ಇಂದಿಗೆ ಕೆಲಸಗಳು ಇಲಾಖೆ ಇಲಾಖೆಗಳಾಗಿ ಒಡೆದು ಹಂಚಿಹೋಗಿವೆ. ರಸ್ತೆ ಒಬ್ಬರದು, ಮೋರಿ ಇನ್ನೊಬ್ಬರದು, ಕಾಡು ಮತ್ತೊಬ್ಬರದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಿದ್ದಿತು. ಮಣ್ಣು ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಯೊಳಕ್ಕೆ ಹೋಯಿತು. ಊರಿಗೆ ಹೋಗಿಬರುವ ನಮ್ಮವರಲ್ಲಿ ಅನೇಕರಿಗೆ ಅದು ಪರಿಚಯದ ದಾರಿ. ಗುಡ್ಡದ ಬುಡವನ್ನು ಕಡಿದು ಹೆದ್ದಾರಿ ಮಾಡುವಾಗ ಮಣ್ಣಿನ ಗುಣವನ್ನೂ, ಇಳಿಜಾರನ್ನೂ, ಮಳೆಯ ಪ್ರಮಾಣವನ್ನೂ, ಕೆಳಗೆ ಚಹದಂಗಡಿ ಇಟ್ಟು ಬದುಕುವ ಜನರನ್ನೂ ಕೂಡಿಸಿ ನೋಡುವುದು ಯಾರ ಹೊಣೆ? ಈ ಪ್ರಶ್ನೆಗೆ ಉತ್ತರವಿಲ್ಲದಿರುವುದೇ ಆ ವಿದ್ಯೆಯ ಅಗತ್ಯಕ್ಕೆ ಪ್ರಮಾಣ.

ತೆರೆದ ನಕ್ಷೆಗಳು

ಭಾರತದ ಭೂಮಾಪನ ಇಲಾಖೆಯು 1767ರಷ್ಟು ಹಳೆಯದು. 1802ರಲ್ಲಿ ಕರ್ನಲ್ ಲ್ಯಾಂಬ್ಟನ್ನನು ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಜೋಡಿಸುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನವರೆಗೆ ಬಂದನು. ನಮ್ಮ ನೆಲದ ಮೇಲೆ ಆಧುನಿಕ ಭೂಗೋಳವು ಇಟ್ಟ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಆದರೆ ಆ ನಕ್ಷೆಗಳು ಸೈನ್ಯದ ಮತ್ತು ಕಂದಾಯದ ಸೊತ್ತುಗಳಾದವು. ಸ್ವಾತಂತ್ರ್ಯ ಬಂದ ಮೇಲೆಯೂ ರಕ್ಷಣೆಯ ಕಾರಣದಿಂದ ನಿರ್ಬಂಧಗಳು ಬಹುಕಾಲ ಮುಂದುವರಿದವು.

2021ರ ಫೆಬ್ರುವರಿ 15ರ ಮಾರ್ಗಸೂಚಿಗಳು ಈ ಪರಿಸ್ಥಿತಿಯನ್ನು ಬದಲಿಸಿದವು. ಭಾರತೀಯ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ಭೂಮಾಹಿತಿಯನ್ನು ಸಂಗ್ರಹಿಸಿ ನಕ್ಷೆಗಳನ್ನು ರಚಿಸಲು ಅವಕಾಶ ದೊರೆಯಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಮಾಹಿತಿ ನೀತಿಯು ಹೊರಟಿತು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆಜಾಗಗಳನ್ನು ಡ್ರೋನುಗಳಿಂದ ಮೋಜಣಿ ಮಾಡಲಾಯಿತು. 2025ರ ಫೆಬ್ರುವರಿಯಲ್ಲಿ 152 ನಗರ ಸಂಸ್ಥೆಗಳಲ್ಲಿ ‘ನಕ್ಷಾ’ ಎಂಬ ನಗರಭೂಮಿ ಮೋಜಣಿಗೆ ಚಾಲನೆ ದೊರೆಯಿತು. ಅದೇ ವರ್ಷದ ಕೇಂದ್ರ ಮುಂಗಡಪತ್ರದಲ್ಲಿ ರಾಷ್ಟ್ರೀಯ ಭೂಮಾಹಿತಿ ಅಭಿಯಾನಕ್ಕೆ 100 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು.

ಇಷ್ಟೆಲ್ಲ ಯಂತ್ರಸಾಮಗ್ರಿ ಬಂದಿರುವಾಗ ಅದನ್ನು ನಡೆಸುವವರು ಯಾರೆಂಬುದು ಮುಖ್ಯ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಆದರೆ ಉಪಗ್ರಹದ ಚಿತ್ರದಲ್ಲಿ ಹಸಿರಾಗಿ ಕಾಣುವುದು ಮಲೆನಾಡಿನ ಸ್ವಾಭಾವಿಕ ಕಾಡೋ, ರಬ್ಬರಿನ ತೋಟವೋ, ಅಕೇಶಿಯದ ನೆಡುತೋಪೋ ಎಂಬುದನ್ನು ನಿರ್ಣಯಿಸಲು ನೆಲವನ್ನು ಕಾಲಿನಿಂದ ತುಳಿದು ಬಲ್ಲವನೇ ಬೇಕು. ಗುಡ್ಡವನ್ನು ಹಿಡಿದು ನಿಲ್ಲಿಸುವ ಶಕ್ತಿ ಈ ಮೂರಕ್ಕೂ ಒಂದೇ ಸಮನಾಗಿಲ್ಲ. ಚಿತ್ರವನ್ನು ತಪ್ಪಾಗಿ ಓದಿದರೆ ಅದರ ದಂಡವನ್ನು ತೆರುವವರು ಗುಡ್ಡದ ಕೆಳಗಿನ ಹಳ್ಳಿಯವರು.

ಪದವಿಯ ಈಗಿನ ಸ್ಥಿತಿ

ಇನ್ನು ನಮ್ಮ ಕಾಲೇಜುಗಳ ಕಡೆಗೆ ತಿರುಗೋಣ. ಸಾಮಾನ್ಯವಾಗಿ ಹದಿನಾರನೆಯ ವಯಸ್ಸಿನಲ್ಲಿ ವಿಜ್ಞಾನ ವಿಭಾಗಕ್ಕೆ ಹೋದ ಹುಡುಗನು ಭೂಗೋಳವನ್ನು ಬಿಡುತ್ತಾನೆ. ಕಲಾ ವಿಭಾಗಕ್ಕೆ ಹೋದ ಹುಡುಗಿಯು ಗಣಿತವನ್ನು ಬಿಡುತ್ತಾಳೆ. ಎರಡನ್ನೂ ಬೇಡುವ ಶಾಸ್ತ್ರಕ್ಕೆ ಎರಡರಲ್ಲೊಂದು ಮಾತ್ರ ಇರುವವರು ಬಂದು ಸೇರುತ್ತಾರೆ. ಸಂಖ್ಯಾಶಾಸ್ತ್ರವು ಅವರಿಗೆ ಭಯದ ವಿಷಯವಾಗುತ್ತದೆ. ಪ್ರಯೋಗದ ವಹಿಯು ಹಿಂದಿನ ವರ್ಷದವರ ವಹಿಯಿಂದ ನಕಲಾಗುತ್ತದೆ. ಕ್ಷೇತ್ರಾಧ್ಯಯನವು ಎಷ್ಟೋ ಕಡೆ ಒಂದು ದಿನದ ವಿಹಾರವಾಗಿ ಮುಗಿಯುತ್ತದೆ.

ಇದರ ಜೊತೆಗೆ ಇನ್ನೊಂದು ಆಕರ್ಷಣೆಯಿದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಭೂಗೋಳವು ಐಚ್ಛಿಕ ವಿಷಯಗಳಲ್ಲೊಂದು. ಐಚ್ಛಿಕ ವಿಷಯಕ್ಕೆ ಒಟ್ಟು 1750 ಅಂಕಗಳಲ್ಲಿ 500 ಅಂಕಗಳಿವೆ. ಕಲೆಕ್ಟರನಾಗುವ ಆಸೆಯಿಂದ ಈ ಪದವಿಯನ್ನು ಹಿಡಿಯುವವರು ಅನೇಕರು. ಆಸೆಯು ತಪ್ಪಲ್ಲ. ಆದರೆ ಅದರಲ್ಲಿ ಸಫಲರಾಗುವವರು ಅತ್ಯಲ್ಪ. ಉಳಿದವರ ಕೈಯಲ್ಲಿ ಕೊನೆಗೆ ಉಳಿಯುವುದು ಪದವಿಯೇ. ಆ ಪದವಿಗೆ ಸ್ವಂತ ಕಸುಬು ಇರದೆ ಹೋದರೆ ಅವರ ಗತಿಯೇನು?

ಪದವಿಯ ಅವಧಿಯ ವಿಚಾರದಲ್ಲಿಯೂ ರಾಜ್ಯ ರಾಜ್ಯಕ್ಕೆ ವ್ಯತ್ಯಾಸವುಂಟಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯು ಬಂದಿತು. ದಿಲ್ಲಿ ವಿಶ್ವವಿದ್ಯಾಲಯವು 2022ರಲ್ಲಿ ಅದನ್ನು ಜಾರಿಗೆ ತಂದಿತು. ಮಹಾರಾಷ್ಟ್ರವೂ ಅದೇ ದಾರಿ ಹಿಡಿಯಿತು. ಕರ್ನಾಟಕವು 2021ರಲ್ಲಿ ಅದನ್ನು ಸ್ವೀಕರಿಸಿ, 2024-25ನೆಯ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮುಂಬಯಿಯಲ್ಲಿ ಬೆಳೆದ ಮಗುವನ್ನು ಅಜ್ಜಿಯ ಊರಿನ ಕಾಲೇಜಿಗೆ ಕಳುಹಿಸಬೇಕೆನ್ನುವ ಪಾಲಕರು ಇದನ್ನು ಗಮನಿಸಬೇಕು. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂ.ಎ., ನಾಲ್ಕು ವರ್ಷದ ಪದವಿಯ ಮೇಲೆ ಒಂದು ವರ್ಷದ ಎಂ.ಎ.; ಒಟ್ಟು ಐದೇ ಆದುದರಿಂದ ಭಯಪಡಬೇಕಾದುದಿಲ್ಲ. ನಾಲ್ಕನೆಯ ವರ್ಷವು ಉಂಟೋ ಇಲ್ಲವೋ ಎಂಬುದಕ್ಕಿಂತ, ಇರುವ ವರ್ಷಗಳಲ್ಲಿ ವಿದ್ಯಾರ್ಥಿಯು ಎಷ್ಟು ದಿನ ತರಗತಿಯ ಹೊರಗೆ ನೆಲದ ಮೇಲೆ ಕಳೆದನೆಂಬುದು ಹೆಚ್ಚು ವಿಚಾರಾರ್ಹ.

ಒಂದು ಎಚ್ಚರಿಕೆ, ಒಂದು ಆದರ್ಶ

ಒಂದು ಶಾಸ್ತ್ರವು ತಾನು ಏನೆಂಬುದನ್ನು ಸ್ಪಷ್ಟವಾಗಿ ಹೇಳಲಾರದೆ ಹೋದರೆ ಏನಾಗುವುದೆಂಬುದಕ್ಕೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು ಸಾಕ್ಷಿ. 1948ರಲ್ಲಿ ಅಲ್ಲಿ ಭೂಗೋಳದ ಬೋಧನೆಯನ್ನು ಮುಚ್ಚುವ ನಿರ್ಣಯವಾಯಿತು. ಅದು ವಿಶ್ವವಿದ್ಯಾಲಯಕ್ಕೆ ತಕ್ಕ ವಿಷಯವೇ ಎಂಬ ಸಂದೇಹವು ಆಡಳಿತದವರನ್ನು ಕಾಡಿತ್ತು. ಸುಮಾರು ಆರು ದಶಕಗಳ ಬಳಿಕ, 2006ರಲ್ಲಿ, ಅದೇ ವಿಶ್ವವಿದ್ಯಾಲಯವು ಭೌಗೋಳಿಕ ವಿಶ್ಲೇಷಣೆಗಾಗಿ ಒಂದು ಕೇಂದ್ರವನ್ನು ತೆರೆಯಬೇಕಾಯಿತು. ಬಾಗಿಲಿನಿಂದ ಹೊರಗೆ ಕಳುಹಿಸಿದ ವಿದ್ಯೆಯನ್ನು ಅಗತ್ಯವೇ ಮರಳಿ ಕರೆತಂದಿತು.

ನಮ್ಮಲ್ಲಿ ಆದರ್ಶಗಳಿಗೆ ಕೊರತೆಯಿಲ್ಲ. ಹಾರ್ವರ್ಡಿನಲ್ಲಿ ಬಾಗಿಲು ಮುಚ್ಚಿದ ಅದೇ 1948ರಲ್ಲಿ ಸಿ. ಡಿ. ದೇಶಪಾಂಡೆಯವರು ಪಶ್ಚಿಮ ಭಾರತದ ಪ್ರಾದೇಶಿಕ ಭೂಗೋಳವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು ಪ್ರಕಟವಾದುದು ನಮ್ಮ ಧಾರವಾಡದಿಂದ. ಕಲಕತ್ತೆಯ ಪ್ರೊ. ಎಸ್. ಪಿ. ಚಟರ್ಜಿಯವರು 1956ರಲ್ಲಿ ರಾಷ್ಟ್ರೀಯ ನಕ್ಷಾಸಂಪುಟದ ಸಂಸ್ಥೆಯನ್ನು ಕಟ್ಟಿದರು. ಅಂತಾರಾಷ್ಟ್ರೀಯ ಭೂಗೋಳ ಒಕ್ಕೂಟದ ಅಧ್ಯಕ್ಷರಾದರು. 1968ರ ಅಂತಾರಾಷ್ಟ್ರೀಯ ಭೂಗೋಳ ಸಮ್ಮೇಳನವು ದಿಲ್ಲಿಯಲ್ಲಿ ನೆರೆಯಿತು. ಆ ಪರಂಪರೆಯ ಮುಂದುವರಿಕೆಗೆ ಬೇಕಾದುದು ಹೊಸ ಘೋಷಣೆಗಳಲ್ಲ, ಒಳ್ಳೆಯ ತರಗತಿಗಳು.

ಮಾಡಬೇಕಾದುದೇನು?

ವಿಶ್ವವಿದ್ಯಾಲಯಗಳು ಮೊದಲನೆಯದಾಗಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಒಂದು ಪೂರ್ವಸಿದ್ಧತೆಯ ತರಗತಿಯನ್ನು ಪ್ರವೇಶದೊಡನೆಯೇ ನಡೆಸಬೇಕು. ಎರಡನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿಯ ಅವಧಿಯಲ್ಲಿ ಒಂದು ವಾರ್ಡಿನ ಅಥವಾ ಒಂದು ಹಳ್ಳಿಯ ನೀರು, ಇಳಿಜಾರು, ಮನೆ, ಕಸುಬುಗಳ ನಕ್ಷೆಯನ್ನು ತಾನೇ ಅಳೆದು ತಯಾರಿಸಬೇಕು. ಅದು ಆ ಊರಿನ ಆಡಳಿತಕ್ಕೆ ಸಲ್ಲಬೇಕು. ಮೂರನೆಯದಾಗಿ, ನೆಲವನ್ನು ಕುರಿತು ನಮ್ಮ ರೈತರಲ್ಲಿರುವ ನುಡಿಸಂಪತ್ತನ್ನು ಶಾಸ್ತ್ರವು ಕಡೆಗಣಿಸಬಾರದು. ಉತ್ತರ ಕನ್ನಡದ ಗಜನಿ, ದಕ್ಷಿಣ ಕನ್ನಡದ ಕುಮ್ಕಿ, ಬಯಲುಸೀಮೆಯ ಎರೆ, ಕೆರೆಯ ಕೋಡಿ ಇವೆಲ್ಲ ತಲೆಮಾರುಗಳ ವೀಕ್ಷಣೆಯಿಂದ ಹುಟ್ಟಿದ ಮಾತುಗಳು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾತುಗಳು ಮರೆತುಹೋಗುತ್ತಿರುವುದು ಕೇವಲ ಭಾಷೆಯ ನಷ್ಟವಲ್ಲ, ತಿಳಿವಳಿಕೆಯ ನಷ್ಟವೂ ಹೌದು.

ಸರಕಾರಗಳ ಪಾಲಿನ ಕೆಲಸವೂ ಇದೆ. ನಗರಪಾಲಿಕೆಯಲ್ಲಿ ಇಂಜಿನಿಯರನಿದ್ದಾನೆ, ಆರೋಗ್ಯಾಧಿಕಾರಿಯಿದ್ದಾನೆ. ಭೂಗೋಳಜ್ಞನೆಂಬ ಹುದ್ದೆಯು ಸಾಮಾನ್ಯವಾಗಿ ಇಲ್ಲ. ವಿಪತ್ತು ನಿರ್ವಹಣೆ, ನಗರ ಯೋಜನೆ, ಮೋಜಣಿಗಳ ನೇಮಕಾತಿಯಲ್ಲಿ ಭೂಗೋಳದ ಪದವಿಯನ್ನು ಅರ್ಹತೆಯೆಂದು ಸ್ಪಷ್ಟವಾಗಿ ನಮೂದಿಸುವುದರಿಂದ ಬೊಕ್ಕಸಕ್ಕೆ ಭಾರವೇನೂ ಆಗುವುದಿಲ್ಲ. ಹುದ್ದೆ ಇಲ್ಲವೆಂದು ಜಾಣ ವಿದ್ಯಾರ್ಥಿಗಳು ಬರುವುದಿಲ್ಲ. ಜಾಣರು ಬರುವುದಿಲ್ಲವೆಂದು ಹುದ್ದೆ ಹುಟ್ಟುವುದಿಲ್ಲ. ಈ ಚಕ್ರವನ್ನು ಮೊದಲು ಮುರಿಯಬಲ್ಲವರು ಸರಕಾರದವರೇ.

ಪಾಲಕರಿಗೆ ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ಪದವಿ ಮುಗಿದ ಮರುದಿನವೇ ನಿಶ್ಚಿತ ಸಂಬಳ ಬರಬೇಕೆನ್ನುವವರಿಗೆ ಭೂಗೋಳವು ಆ ಭರವಸೆಯನ್ನು ಕೊಡಲಾರದು. ಮೇಲೆ ಎಂ.ಎ. ಅಥವಾ ಎಂ.ಎಸ್‌ಸಿ., ಇಲ್ಲವೆ ಡೆಹರಾಡೂನಿನ ದೂರ ಸಂವೇದಿ ಸಂಸ್ಥೆಯಂಥ ಕಡೆಗಳಲ್ಲಿ ವಿಶೇಷ ತರಬೇತಿ ಬಹುಮಟ್ಟಿಗೆ ಬೇಕಾಗುತ್ತದೆ. ಆದರೆ ಮಗಳು ಮಳೆಗಾಲದಲ್ಲಿ ಕಿಟಕಿಯ ಬಳಿ ನಿಂತು ಈ ಬೀದಿಯಲ್ಲೇ ಏಕೆ ನೀರು ನಿಲ್ಲುತ್ತದೆ, ಆಚೆಯ ಬೀದಿಯಲ್ಲಿ ಏಕಿಲ್ಲ ಎಂದು ಕೇಳುವವಳಾಗಿದ್ದರೆ ಆಕೆಯನ್ನು ತಡೆಯಬೇಡಿರಿ. ಪ್ರವೇಶಕ್ಕೆ ಮುನ್ನ ಕಾಲೇಜಿಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಿರಿ: ವರ್ಷಕ್ಕೆ ಎಷ್ಟು ದಿನ ಕ್ಷೇತ್ರಾಧ್ಯಯನ? ಸಂಖ್ಯಾಶಾಸ್ತ್ರವನ್ನು ಕಲಿಸುವವರು ಯಾರು? ವಿದ್ಯಾರ್ಥಿಗಳು ತಾವೇ ತಯಾರಿಸಿದ ನಕ್ಷೆಗಳನ್ನು ತೋರಿಸುವಿರಾ? ಉತ್ತರಗಳು ತೃಪ್ತಿಕರವಾಗಿದ್ದರೆ ಹಣ ಕಟ್ಟಿರಿ; ಇಲ್ಲದಿದ್ದರೆ ಇನ್ನೊಂದು ಕಾಲೇಜನ್ನು ನೋಡಿರಿ, ವಿಷಯವನ್ನು ಬಿಡಬೇಡಿರಿ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಎರಡು ನೆಲಗಳಿವೆ: ಬಿಟ್ಟುಬಂದ ನೆಲ ಒಂದು, ಅನ್ನ ಕೊಟ್ಟ ನೆಲ ಇನ್ನೊಂದು. ಗುಡ್ಡ ಕುಸಿದರೆ ಅಲ್ಲಿಯ ಬಂಧುಗಳಿಗಾಗಿ ಮರುಗುತ್ತೇವೆ. ನದಿ ಉಕ್ಕಿದರೆ ಇಲ್ಲಿಯ ಮನೆಯ ಸಾಮಾನನ್ನು ಅಟ್ಟಕ್ಕೇರಿಸುತ್ತೇವೆ. ಈ ಎರಡು ನೆಲಗಳನ್ನೂ ಅರಿತು ಓದಬಲ್ಲ ನಾಲ್ಕಾರು ಮಕ್ಕಳು ನಮ್ಮ ಮನೆಗಳಿಂದಲೇ ಹೊರಟರೆ, ಮುಂದಿನ ಮಳೆಗಾಲಗಳಲ್ಲಿ ಮರುಗುವ ಸಂದರ್ಭಗಳು ಕೆಲವಾದರೂ ಕಡಿಮೆಯಾದಾವು.