ಸತ್ತದ್ದೂ ಲೆಕ್ಕಕ್ಕಿದೆ
2019ರಲ್ಲಿ ಬಂದ ‘ಕಟಾನಾ ಝೀರೋ’ ಗೇಮನ್ನು ಮೆಚ್ಚಿದವರು ಹೆಚ್ಚಾಗಿ ಅದರ ವೇಗ, ನಿಯಾನ್ ಬೆಳಕು, ಸಿಂಥ್ ಸಂಗೀತವನ್ನೇ ಹೊಗಳಿದರು. ಮೆಚ್ಚದವರು ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ ಎಂದರು. ಇಬ್ಬರ ಮಾತೂ ನಿಜ. ಆದರೆ ಜಸ್ಟಿನ್ ಸ್ಟ್ಯಾಂಡರ್ ಅವರ ಅಸ್ಕಿಸಾಫ್ಟ್ ತಂಡದ ಅಸಲಿ ಕಸುಬು ಇರುವುದು ಬೇರೆ ಕಡೆ. ಇಲ್ಲಿ ನಾವು ಆಡಿಸುವ, ಕತ್ತಿ ಹಿಡಿದ ಕೊಲೆಗಾರ ಒಂದೇ ಏಟಿಗೆ ಸಾಯುತ್ತಾನೆ. ಬಾಗಿಲು ಒದ್ದು ನುಗ್ಗಿ, ಕಾಲವನ್ನು ನಿಧಾನಗೊಳಿಸಿ, ಹಾರಿಬಂದ ಗುಂಡನ್ನು ಕತ್ತಿಯಿಂದ ಹೊಡೆದು ವೈರಿಯ ಎದೆಗೇ ತಿರುಗಿಸುವಷ್ಟರಲ್ಲಿ ಮೂಲೆಯಲ್ಲಿದ್ದ ಇನ್ನೊಬ್ಬ ಅವನನ್ನು ಮುಗಿಸಿಬಿಡುತ್ತಾನೆ. ಕೂಡಲೇ ದೃಶ್ಯ ಹಿಂದಕ್ಕೋಡಿ ಮತ್ತೆ ಮೊದಲಿಂದ ಶುರು. ಸತ್ತದ್ದೆಲ್ಲ ಕ್ರೋನೋಸ್ ಎಂಬ ಮದ್ದಿನ ಬಲದಿಂದ ಆ ಕೊಲೆಗಾರ ಮೊದಲೇ ಕಂಡ ಸಾಧ್ಯತೆಗಳಷ್ಟೆ. ನಿಜವಾಗಿ ನಡೆದದ್ದು ಗೆದ್ದ ಆಟವೊಂದೇ, ಅದನ್ನು ಆಮೇಲೆ ಸಿಸಿಟಿವಿ ದೃಶ್ಯದ ಹಾಗೆ ತೋರಿಸುತ್ತಾರೆ. ಆಡುವವರ ಸೋಲಿಗೂ ಕತೆಯೊಳಗೇ ಜಾಗ ಮಾಡಿಕೊಟ್ಟ ಈ ಜಾಣ್ಮೆಗೆ ನಾನು ಮನಸೋತಿದ್ದೇನೆ. ಮಾತುಕತೆಯಲ್ಲೂ ಅದೇ ಬಿಗಿ: ಮದ್ದು ಕೊಡುವ ಮನೋವೈದ್ಯನೇ ಆಗಲಿ, ಬೇರೆ ಯಾರೇ ಆಗಲಿ, ಎದುರಿನವರ ಮಾತನ್ನು ನಡುವೆಯೇ ತುಂಡರಿಸಬಹುದು. ಪಕ್ಕದ ಮನೆಯ ಪುಟ್ಟ ಹುಡುಗಿ ಮಾತಾಡುವಾಗ ಮಾತ್ರ ನನಗೆ ಹಾಗೆ ಮಾಡಲು ಮನಸ್ಸೇ ಬರಲಿಲ್ಲ. ಬೈಕಿನ ಹಂತ ಸಪ್ಪೆ, ಅದು ಹೋಗಲಿ. ನನಗೆ ಸಿಟ್ಟು ಬಂದದ್ದು ಕೊನೆಯ ಬಗ್ಗೆ. ಅಷ್ಟೆಲ್ಲ ಪ್ರಶ್ನೆ ಎಬ್ಬಿಸಿ, ಆ ಹುಡುಗಿಯ ಗತಿ ಏನಾಯಿತೆಂದೂ ಹೇಳದೆ ಕತೆಯನ್ನು ಅರ್ಧಕ್ಕೇ ಕೈಬಿಟ್ಟದ್ದು, ಇಷ್ಟು ಚೆನ್ನಾಗಿ ಕತೆ ಹೇಳಬಲ್ಲವರು ಮಾಡಬಾರದಿದ್ದ ಕೆಲಸ.