ಮೂರು ವರ್ಷದ ಯೋಜನೆ, ನೂರು ವರ್ಷದ ಮರ

ವಿಶ್ವವಿದ್ಯಾಲಯವೊಂದು ಪರಿಸರ ವಿಜ್ಞಾನಕ್ಕೋ ಜೀವವಿಜ್ಞಾನಕ್ಕೋ ಸಂಶೋಧನಾ ಕೇಂದ್ರ ತೆರೆಯಿತು ಎಂದರೆ ನಾವು ಮೊದಲು ಕೇಳುವುದು ಕಟ್ಟಡ ಎಷ್ಟು ಕೋಟಿಯದು, ಯಾವ ಯಂತ್ರಗಳು ಬಂದವು ಎಂದೇ. ಪ್ರಯೋಗಾಲಯದೊಳಗೆ ನಡೆಯುವ ವಿಜ್ಞಾನಕ್ಕೆ ಈ ಪ್ರಶ್ನೆ ತಕ್ಕಮಟ್ಟಿಗೆ ಸರಿ. ಆದರೆ ಕಾಡು, ಕೆರೆ, ಮಣ್ಣು, ಕಡಲುಗಳನ್ನು ಅರಿಯಲು ಹೊರಟ ವಿಜ್ಞಾನದ ಬಂಡವಾಳವೇ ಬೇರೆ. ಒಂದೇ ಜಾಗವನ್ನು, ಒಂದೇ ಕ್ರಮದಲ್ಲಿ, ಎಷ್ಟು ಕಾಲ ಬಿಡದೆ ಗಮನಿಸಿದ್ದೇವೆ ಎಂಬುದೇ ಅಲ್ಲಿನ ಆಸ್ತಿ. ಯಂತ್ರ ಹಳತಾದರೆ ಹೊಸದನ್ನು ಕೊಳ್ಳಬಹುದು. ಅಳೆಯದೆ ಬಿಟ್ಟ ವರ್ಷವನ್ನು ಯಾವ ಬೆಲೆ ತೆತ್ತರೂ ಕೊಳ್ಳಲಾಗದು. ಹೀಗಿದ್ದೂ ನಮ್ಮಲ್ಲಿ ಈ ಕೆಲಸಕ್ಕೆ ಹಣ ಬರುವುದು ಬಹುಮಟ್ಟಿಗೆ ಮೂರು ಅಥವಾ ಐದು ವರ್ಷಗಳ ಯೋಜನೆಯ ರೂಪದಲ್ಲಿ. ಈ ಪದ್ಧತಿ ಬದಲಾಗಬೇಕು, ದೀರ್ಘಕಾಲದ ದಾಖಲೆಯನ್ನು ವಿಶ್ವವಿದ್ಯಾಲಯಗಳ ಖಾಯಂ ಹೊಣೆಯೆಂದು ಒಪ್ಪಿಕೊಳ್ಳಬೇಕು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರ ನೇತೃತ್ವದಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಆ ಕೇಂದ್ರದ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈ ಕಾಡಿನಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ 50 ಹೆಕ್ಟೇರ್ ಜಾಗವನ್ನು ಗುರುತಿಸಿದರು. ಅದರೊಳಗೆ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಮರಕ್ಕೂ, ಸಸಿಗೂ ಸಂಖ್ಯೆ ಕೊರೆದ ಲೋಹದ ಬಿಲ್ಲೆ ಕಟ್ಟಿದರು. ತೇಗ, ಮತ್ತಿ, ದಿಂಡಿಗ, ನಂದಿ, ಕಕ್ಕೆ ಎಲ್ಲ ಸೇರಿ ಸುಮಾರು 25 ಸಾವಿರ. ಯಾವುದು ಸತ್ತಿತು, ಯಾವುದು ಹೊಸದಾಗಿ ಎದ್ದಿತು ಎಂಬುದನ್ನು ವರ್ಷವರ್ಷವೂ ನೋಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಅಳೆಯುತ್ತಾರೆ. ಅಳತೆಯೆಂದರೆ ಎದೆಮಟ್ಟದಲ್ಲಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಕಾಂಡಕ್ಕೆ ಟೇಪು ಸುತ್ತುವುದು. ಮರ ವರ್ಷಕ್ಕೆ ದಪ್ಪವಾಗುವುದು ಕೆಲವೇ ಮಿಲಿಮೀಟರ್. ಟೇಪು ಎರಡು ಬೆರಳು ಕೆಳಗೆ ಸರಿದರೂ ಇಲ್ಲದ ಬೆಳವಣಿಗೆ ಲೆಕ್ಕಕ್ಕೆ ಬರುತ್ತದೆ. ಬರಗಾಲದಲ್ಲಿ ನೀರು ಬತ್ತಿ ಕಾಂಡ ಕುಗ್ಗುವುದೂ ಉಂಟು, ಬೆಂಕಿಗೆ ತೊಗಟೆ ಉದುರುವುದೂ ಉಂಟು. ಅಳೆಯುವವರಿಗೆ ಕಾಡಿನ ಪರಿಚಯ ಇರಬೇಕು, ಎಲೆ ಉದುರಿದ ಮರವನ್ನು ತೊಗಟೆಯಿಂದಲೇ ಗುರುತಿಸಲು ಬರಬೇಕು. ಅಂಥ ಕೈಗಳನ್ನು ಮೂರು ವರ್ಷದ ಗುತ್ತಿಗೆಯಲ್ಲಿ ತಯಾರು ಮಾಡಲಾಗದು.

ಈ ಶ್ರಮದಿಂದ ತಿಳಿದದ್ದೇನು? ದಾಸವಾಳದ ಕುಟುಂಬಕ್ಕೆ ಸೇರಿದ ಕೈಡಿಯಾ ಕ್ಯಾಲಿಸಿನಾ ಎಂಬ ಮರ ಆರಂಭದಲ್ಲಿ ಅಲ್ಲಿ ಬಹಳ ಹೆಚ್ಚು ಸಂಖ್ಯೆಯಲ್ಲಿತ್ತು. ಆನೆಗಳು ಮುರಿದು, ಸಿಗಿದು ತಿಂದದ್ದರಿಂದ ಮುಂದಿನ ವರ್ಷಗಳಲ್ಲಿ ಅದರ ಸಂಖ್ಯೆ ಕುಸಿಯಿತು. ಲಂಟಾನ ಪೊದೆ ಎಲ್ಲೆಲ್ಲಿ, ಯಾವ ಗತಿಯಲ್ಲಿ ಹಬ್ಬಿತು ಎಂಬುದನ್ನು 1990ರಿಂದ 2008ರವರೆಗಿನ ದಾಖಲೆಯಿಂದ ಮಳೆ, ಬೆಂಕಿಗಳ ಲೆಕ್ಕದೊಂದಿಗೆ ಇಟ್ಟು ನೋಡಲು ಸಾಧ್ಯವಾಯಿತು. ಮೊದಲ ಮೂರು ವರ್ಷಕ್ಕೇ ಲೆಕ್ಕ ಮುಗಿಸಿದ್ದರೆ ಸಿಗುತ್ತಿದ್ದದ್ದು ಮರಗಳ ಒಂದು ಪಟ್ಟಿ ಮಾತ್ರ. ಕಾಡು ಯಾವ ಕಡೆಗೆ ಹೊರಟಿದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಅಲ್ಪಾವಧಿಯ ಅಳತೆ ದಾರಿ ತಪ್ಪಿಸಲೂಬಹುದು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಡಾರ್ಟ್‌ಮತ್ ಕಾಲೇಜಿನ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮೊದಲಾದವರು 1963ರಿಂದ ಮಳೆನೀರಿನ ರಸಾಯನವನ್ನು ಅಳೆಯುತ್ತ ಬಂದರು. ಉತ್ತರ ಅಮೆರಿಕದಲ್ಲಿ ಆಮ್ಲಮಳೆಯ ಸಮಸ್ಯೆ ಬೆಳಕಿಗೆ ಬಂದದ್ದು ಈ ಕೆಲಸದಿಂದ. ಆ ದೇಶದ 1990ರ ವಾಯುಶುದ್ಧಿ ಕಾಯ್ದೆಯ ತಿದ್ದುಪಡಿಗೆ ಒದಗಿದ ಆಧಾರಗಳಲ್ಲಿ ಇದೂ ಮುಖ್ಯ. ಅಲ್ಲಿನ ಮಳೆಯ ಆಮ್ಲೀಯತೆ ನಿಜಕ್ಕೂ ಇಳಿಯುತ್ತಿದೆ ಎಂದು ಗಣಿತದ ಖಾತರಿಯಿಂದ ಹೇಳಲು 18 ವರ್ಷಗಳ ಸತತ ದಾಖಲೆ ಬೇಕಾಯಿತು. ನಡುವಿನ ಮೂರು ನಾಲ್ಕು ವರ್ಷಗಳನ್ನಷ್ಟೇ ತೆಗೆದುಕೊಂಡವರಿಗೆ ಅದು ಒಮ್ಮೆ ಏರುತ್ತಿರುವಂತೆಯೂ ಒಮ್ಮೆ ಇಳಿಯುತ್ತಿರುವಂತೆಯೂ ಕಾಣುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಕ್ರಿಪ್ಸ್ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯತೊಡಗಿದಾಗ ಅದು ದಶಲಕ್ಷಕ್ಕೆ ಸುಮಾರು 315 ಭಾಗವಿತ್ತು. ಇಂದು 420 ದಾಟಿದೆ. ಹವಾಮಾನ ಬದಲಾವಣೆಯ ಚರ್ಚೆಗೆ ತಳಹದಿಯಾದ ಈ ದಾಖಲೆ 1964ರಲ್ಲಿ ಹಣವಿಲ್ಲದೆ ಕೆಲವು ತಿಂಗಳು ಕಡಿದುಹೋಯಿತು. ಇದು ದಿನನಿತ್ಯದ ಅಳತೆ, ಇದರಲ್ಲಿ ವಿಜ್ಞಾನವೇನಿದೆ ಎಂಬ ಆಕ್ಷೇಪವನ್ನು ಕೀಲಿಂಗ್ ಅನೇಕ ವರ್ಷ ಎದುರಿಸಬೇಕಾಯಿತು.

ಸಂಗ್ರಹಗಳ ವಿಷಯವೂ ಹೀಗೆಯೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರ 1843ರಿಂದ ಒಂದೇ ಹೊಲದ ಗೋಧಿಯ ಮಾದರಿಗಳನ್ನು ಕಾದಿಟ್ಟಿದೆ. ಆಗ ಡಿಎನ್ಎ ಎಂಬ ಕಲ್ಪನೆಯೇ ಇರಲಿಲ್ಲ. 2005ರಲ್ಲಿ ವಿಜ್ಞಾನಿಗಳು ಆ ಹಳೆಯ ಗೋಧಿಯಿಂದಲೇ ಎರಡು ರೋಗಕಾರಕ ಶಿಲೀಂಧ್ರಗಳ ಡಿಎನ್ಎ ತೆಗೆದು, ಅವುಗಳ ಏರಿಳಿತ ಗಾಳಿಯ ಗಂಧಕ ಮಾಲಿನ್ಯದೊಂದಿಗೆ ಹೊಂದುವುದನ್ನು ತೋರಿಸಿದರು. ನಮ್ಮಲ್ಲಿ ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನಾ ಅವರು ನಿಕೋಲ್ಸನ್ ಜೊತೆ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದ ಹಿಂದೆಯೂ ಒಣಗಿಸಿ ಅಂಟಿಸಿದ ಸಸ್ಯಮಾದರಿಗಳ ರಾಶಿಯಿದೆ. ಹಾಳೆಯ ಮೂಲೆಯಲ್ಲಿ ಊರು, ದಿನಾಂಕ ಬರೆದಿಟ್ಟ ಒಂದು ಟೊಂಗೆ, ಆ ಗಿಡ ಆ ವರ್ಷ ಅಲ್ಲಿತ್ತು, ಆ ತಿಂಗಳು ಹೂಬಿಟ್ಟಿತ್ತು ಎಂಬುದಕ್ಕೆ ಸಾಕ್ಷಿ. ಮುಂದೆ ಯಾವ ಪ್ರಶ್ನೆಗೆ ಈ ಸಾಕ್ಷಿ ಬೇಕಾಗುವುದೋ ಇಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅದನ್ನು ಕಾಪಾಡಬೇಕು.

ಬಡತನ, ರೋಗ, ನೀರಿನ ಬವಣೆ ಎದುರಿಗಿರುವಾಗ ಮರ ಎಣಿಸಲು ಹಣವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಮಲೆನಾಡಿನಲ್ಲಿದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಜೀವ ತೆಗೆಯುತ್ತಿದೆ. ಬಂಡೀಪುರ, ವಯನಾಡು, ಗೋವಾಗಳಿಗೂ ಹರಡಿದೆ. ಬಹುಕಾಲ ಬಳಸಿದ ಲಸಿಕೆ ನಿಂತುಹೋಗಿದೆ. ರೋಗ ಹರಡುವ ಉಣುಗು, ಮಂಗ, ಇಲಿ, ದನ, ತರಗೆಲೆ ತರಲು ಹೋಗುವ ಮನುಷ್ಯ, ಎಲ್ಲರೂ ಸೇರಿದ ಕಾಡಿನಂಚಿನ ಸಂಬಂಧಗಳಲ್ಲಿ ಈ ರೋಗ ಬದುಕುತ್ತದೆ. ಸಾವು ಸಂಭವಿಸಿದ ವರ್ಷ ಧಾವಿಸಿ, ಮಳೆ ಬಿದ್ದೊಡನೆ ಮರೆತುಬಿಟ್ಟರೆ ಅದರ ಗುಟ್ಟು ಬಿಡಿಸಲಾಗದು. ರೋಗವಿಲ್ಲದ ವರ್ಷ ಉಣುಗು ಎಷ್ಟಿತ್ತು ಎಂದು ತಿಳಿದರೆ ಮಾತ್ರ ರೋಗ ಬಂದ ವರ್ಷದ ಲೆಕ್ಕಕ್ಕೆ ಅರ್ಥ ಬರುತ್ತದೆ. ತುರ್ತಿನ ಸಮಸ್ಯೆಗೂ ತುರ್ತಿಲ್ಲದ ದಿನಗಳ ಗಮನ ಬೇಕು.

ಉಪಗ್ರಹಗಳಿರುವಾಗ ಕಾಡಿಗೆ ಹೋಗುವುದೇಕೆ ಎಂಬುದು ಎರಡನೆಯ ಆಕ್ಷೇಪ. ಉಪಗ್ರಹದ ಉಪಯೋಗ ದೊಡ್ಡದು. ಆದರೆ ಮೇಲಿನಿಂದ ಕಾಣುವುದು ಮುಖ್ಯವಾಗಿ ಹಸಿರಿನ ಹೊದಿಕೆ. ಅದರ ಕೆಳಗೆ ಸಸಿಗಳು ಏಳುತ್ತಿವೆಯೇ, ಲಂಟಾನ ಅವುಗಳ ಜಾಗ ಹಿಡಿದಿದೆಯೇ ಎಂಬುದು ಸುಲಭವಾಗಿ ಕಾಣದು. ಉಪಗ್ರಹದ ಚಿತ್ರವನ್ನು ಸರಿಯಾಗಿ ಓದಿದ್ದೇವೆಯೇ ಎಂದು ತಾಳೆ ನೋಡಲಿಕ್ಕೂ ನೆಲದ ಅಳತೆಯೇ ಬೇಕು.

ಖಾಯಂ ಹಣ ಕೊಟ್ಟರೆ ಕೆಲಸ ಜಡವಾಗುತ್ತದೆ ಎಂಬ ಮೂರನೆಯ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಂಥ ಕೇಂದ್ರಗಳೂ ಇವೆ. ಅದಕ್ಕೆ ಮದ್ದು ಹಣ ನಿಲ್ಲಿಸುವುದಲ್ಲ, ದಾಖಲೆಯನ್ನು ಬಹಿರಂಗವಾಗಿಡುವುದು. ಪ್ರತಿ ವರ್ಷದ ಅಳತೆ ನಿಗದಿತ ದಿನದೊಳಗೆ ಸಾರ್ವಜನಿಕರ ಕೈಗೆ ಸಿಗಬೇಕು, ಹೊರಗಿನ ತಜ್ಞರು ಕಾಲಕಾಲಕ್ಕೆ ಬಂದು ಕೆಲವು ಮರಗಳನ್ನಾದರೂ ಮರು ಅಳೆಯಬೇಕು. ಹಣದ ದಾರಿಯೂ ಹೊಸತಲ್ಲ. ರೋಥಮ್‌ಸ್ಟೆಡ್ಡಿನ ಸ್ಥಾಪಕ ಜಾನ್ ಲಾಸ್ 1889ರಲ್ಲಿ ಒಂದು ಲಕ್ಷ ಪೌಂಡುಗಳ ದತ್ತಿನಿಧಿ ಇಟ್ಟು, ತನ್ನ ಕಾಲಾನಂತರವೂ ಹೊಲಗಳ ಪ್ರಯೋಗ ಮುಂದುವರಿಯುವಂತೆ ಮಾಡಿದ. ನಮ್ಮ ಸರಕಾರಗಳಿಗೂ ಉದ್ಯಮಗಳಿಗೂ ಇದು ಮೀರಿದ ಮಾತಲ್ಲ.

ಈ ಕೆಲಸ ವಿಶ್ವವಿದ್ಯಾಲಯದಲ್ಲೇ ಏಕೆ ನಡೆಯಬೇಕು? ಕಾಡನ್ನು ಆಳುವ ಇಲಾಖೆಯೇ ಅದರ ಆರೋಗ್ಯಕ್ಕೂ ಅಂಕ ಕೊಟ್ಟರೆ ನಂಬಿಕೆ ಹುಟ್ಟುವುದು ಕಷ್ಟ. ವಿಶ್ವವಿದ್ಯಾಲಯಕ್ಕೆ ಆ ತೊಡಕಿಲ್ಲ. ಜೊತೆಗೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಕಲಿಕೆ ಮತ್ತು ಅಳತೆ ಒಟ್ಟಿಗೇ ಸಾಗುತ್ತವೆ. ಕರ್ನಾಟಕದ ಅದೃಷ್ಟವೆಂದರೆ ಕಡಲಿನಿಂದ ಬಯಲುಸೀಮೆಯವರೆಗೆ ಎಲ್ಲ ಬಗೆಯ ನೆಲದಲ್ಲೂ ನಮ್ಮ ಶಿಕ್ಷಣ ಸಂಸ್ಥೆಗಳಿವೆ: ಕಾರವಾರದಲ್ಲಿ ಕಡಲ ಜೀವಶಾಸ್ತ್ರ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಭದ್ರಾ ಕಾಡಿನ ಮಗ್ಗುಲಲ್ಲಿ ಕುವೆಂಪು ವಿಶ್ವವಿದ್ಯಾಲಯ, ಧಾರವಾಡ ಮತ್ತು ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ. ಪ್ರತಿಯೊಂದೂ ತನ್ನ ನೆರೆಯ ಒಂದು ತುಂಡು ಕಾಡನ್ನೋ ಕೆರೆಯನ್ನೋ ಕರಾವಳಿಯನ್ನೋ ವಹಿಸಿಕೊಂಡು, ಒಪ್ಪಿತವಾದ ಒಂದೇ ಕ್ರಮದಲ್ಲಿ ಅಳೆಯತೊಡಗಿದರೆ ಇಪ್ಪತ್ತು ವರ್ಷಗಳಲ್ಲಿ ಬೆಲೆಕಟ್ಟಲಾಗದ ಸಂಪತ್ತು ನಮ್ಮದಾಗುತ್ತದೆ. ಅದಕ್ಕೆ ಬೇಕಾದದ್ದು ಅರಮನೆಯಂಥ ಕಟ್ಟಡವಲ್ಲ. ಪ್ರತಿ ಜಾಗಕ್ಕೂ ಖಾಲಿ ಬಿಡದ ಒಂದೆರಡು ಹುದ್ದೆ, ಪಿಂಚಣಿ ಸಮೇತ ನೇಮಕವಾದ ಸ್ಥಳೀಯ ಕ್ಷೇತ್ರ ಸಹಾಯಕರು, ಮಾದರಿಗಳು ಗೆದ್ದಲು ಹಿಡಿಯದಂಥ ಒಂದು ಕೋಣೆ, ಕಡಿತವಾಗದ ಸಣ್ಣ ವಾರ್ಷಿಕ ಅನುದಾನ. ಹೊಸ ಕೇಂದ್ರಕ್ಕೆ ಮಂಜೂರಾತಿ ಕೊಡುವ ಮುನ್ನ ಸರಕಾರ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: ಮೂವತ್ತನೆಯ ವರ್ಷದ ಅಳತೆಯನ್ನು ಯಾರು ಮಾಡುತ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರವಿಲ್ಲದ ಕೇಂದ್ರಕ್ಕೆ ಹಣ ಸುರಿಯುವ ಬದಲು, ಈಗಾಗಲೇ ಅಳೆಯುತ್ತಿರುವವರ ಕೈ ಬಲಪಡಿಸುವುದು ಲೇಸು.